ಮಂಡಿಗೊಂದು ಗುದ್ದು

ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ಬಸ್ಸಿನಲ್ಲಿ ಮೊದಲೆಲ್ಲ ಮಾತು ಮಳೆಯಿಂದ ಶುರುವಾಗುತ್ತಿತ್ತು. ಬಾರದ ಮಳೆಯ ಬಗ್ಗೆ ಮಾತಾಡಲು ಏನಿದೆ ಎನ್ನಬೇಡಿ. ನಮ್ಮ ಸೀಮೆಯಲ್ಲಿ ಬಂದ ಮಳೆಗಿಂತ ಬಾರದ ಮಳೆಗೇ ಮಾತು ಹೆಚ್ಚು. ಆಮೇಲೆ ಟೊಮೆಟೊ ಬಾಕ್ಸಿನ ರೇಟು, ಯಾರ ತೋಟದಲ್ಲಿ ಬೋರು ಎಷ್ಟು ಅಡಿಗೆ ಇಳಿಯಿತು, ಯಾರ ಮಗಳನ್ನು ಯಾವೂರಿಗೆ ಕೊಟ್ಟರು. ಈಗ ಐವತ್ತು ದಾಟಿದ ಇಬ್ಬರು ಹೆಂಗಸರು ಒಂದೇ ಸೀಟಿನಲ್ಲಿ ಕೂತರೆ ಇವೆಲ್ಲ ಹಿಂದಕ್ಕೆ ಸರಿಯುತ್ತವೆ. "ನಿಮ್ದು ಎಡದ್ದೋ ಬಲದ್ದೋ?" ಎಂಬಲ್ಲಿಂದ ಪರಿಚಯ. "ಎರಡೂ" ಎಂದವರಿಗೆ ಕಾಲು ಚಾಚಲು ಅನುಕೂಲವಾದ ಅಂಚಿನ ಜಾಗ ಬಿಟ್ಟುಕೊಡುವುದನ್ನೂ ನೋಡಿದ್ದೇನೆ. ಗಂಡಸರಿಗೂ ಮಂಡಿನೋವಿಲ್ಲದೇ ಇಲ್ಲ. ಆದರೆ ಅವರು ಅದನ್ನು ನೋವು ಎನ್ನುವುದಿಲ್ಲ. "ಯಾಕೋ ಸ್ವಲ್ಪ ಹಿಡ್ಕೊಂಡಿದೆ" ಎನ್ನುತ್ತಾರೆ. ಹತ್ತು ವರ್ಷದಿಂದ ಹಿಡಿದುಕೊಂಡಿದ್ದರೂ ಅದು ಸ್ವಲ್ಪವೇ.

ನಮ್ಮ ಕಡೆ ಮಂಡಿಗೆ ಕೆಲಸ ಜಾಸ್ತಿ. ನಸುಕಿಗೇ ಕುಕ್ಕುರುಗಾಲಲ್ಲಿ ಕೂತು ಹಸು ಕರೆಯಬೇಕು, ಡೇರಿಯ ಹೊತ್ತಿಗೆ ಹಾಲು ಹಾಕಬೇಕು. ಆಮೇಲೆ ಅಂಗಳ, ರಂಗೋಲಿ. ಹೊಲಕ್ಕೆ ಹೋದರೆ ಟೊಮೆಟೊ ಬಿಡಿಸುವುದೂ ಕಳೆ ತೆಗೆಯುವುದೂ ಕೂತೇ. ರೇಷ್ಮೆ ಇದ್ದ ಮನೆಯಲ್ಲಿ ಹುಳುವಿಗೆ ಸೊಪ್ಪು ಹಾಕಲು ಎದ್ದು ಕೂತು, ಕೂತು ಎದ್ದು. ಮುದ್ದೆ ತೊಳಸುವಾಗ ಪಾತ್ರೆಯನ್ನು ಪಾದಗಳಿಂದ ಅಮುಕಿ ಹಿಡಿದು ಕೋಲು ತಿರುವುವುದನ್ನು ನೋಡಿದವರಿಗೆ, ರಾಗಿಯ ಶಕ್ತಿಯ ಅರ್ಧ ತಿನ್ನುವ ಮೊದಲೇ ಖರ್ಚಾಗುತ್ತದೆ ಎಂದು ಗೊತ್ತಾಗುತ್ತದೆ. ಮಾಲೂರಿನ ಕಡೆ ಇಟ್ಟಿಗೆ ಗೂಡು, ಹೆಂಚಿನ ಕಾರ್ಖಾನೆ. ಅಚ್ಚಿಗೆ ಮಣ್ಣು ತುಂಬಿ ಕವುಚುವವರು ದಿನವಿಡೀ ಮಡಿಸಿದ ಮಂಡಿಯ ಮೇಲೇ ಸಾಲಿನುದ್ದಕ್ಕೂ ಸರಿದುಕೊಂಡು ಹೋಗುತ್ತಾರೆ.

ಇಷ್ಟೂ ಸಾಲದೆಂದು ದೇವರುಗಳು. ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರು ಹಿಡಿಯಬೇಕಾದರೆ ಮೆಟ್ಟಿಲು ಹತ್ತಬೇಕು. ಆವಣಿಯಲ್ಲಿ ರಾಮಲಿಂಗೇಶ್ವರನನ್ನು ಕೆಳಗೇ ನೋಡಬಹುದು, ಆದರೆ ಸೀತಮ್ಮನನ್ನು ನೋಡಲು ಬೆಟ್ಟ ಹತ್ತಲೇಬೇಕು. ಮುಳಬಾಗಿಲಿನ ಹತ್ತಿರದ ಕುರುಡುಮಲೆ ಗಣಪ ಒಬ್ಬನೇ ಭಕ್ತರ ಮಂಡಿಯ ಬಗ್ಗೆ ಯೋಚನೆ ಮಾಡಿದವನು. ಹದಿಮೂರು ಅಡಿಗೂ ಹೆಚ್ಚು ಎತ್ತರವಿದ್ದಾನೆ. ಬಗ್ಗದೆ, ಕೂರದೆ, ನಿಂತಲ್ಲಿಂದಲೇ ಕತ್ತೆತ್ತಿ ನೋಡಿದರೆ ದರ್ಶನ ಪೂರ್ತಿ. ಅವನೆದುರು ಬಸ್ಕಿ ಹೊಡೆಯುವ ಪದ್ಧತಿ ಮಾತ್ರ ಇದೆ. ನನ್ನ ದೊಡ್ಡಮ್ಮ ಈಚೆಗೆ ಕಿವಿ ಹಿಡಿದುಕೊಂಡು ತಲೆ ಮಾತ್ರ ಎರಡು ಸಲ ಅಲ್ಲಾಡಿಸುತ್ತಾಳೆ. ಉಳಿದದ್ದು ಅವನಿಗೆ ಅರ್ಥವಾಗುತ್ತದಂತೆ. ಅವನದೂ ಭಾರದ ಮೈ.

ಮಾಲೂರು ತಾಲ್ಲೂಕಿನ ಮಾತು ಬಂದಾಗ ಮಾಸ್ತಿಯವರನ್ನು ನೆನೆಯದೆ ಮುಂದೆ ಹೋಗಲು ಆಗುವುದಿಲ್ಲ. 1891ರ ಜೂನ್ 6ರಂದು ಹುಟ್ಟಿ 1986ರ ಜೂನ್ 6ರಂದೇ ತೀರಿಕೊಂಡವರು. ಕೋಟು, ಪೇಟ, ಕೈಯಲ್ಲಿ ಛತ್ರಿ. ಇಳಿವಯಸ್ಸಿನಲ್ಲೂ ಗಾಂಧಿಬಜಾರಿನಲ್ಲಿ ನಡೆದೇ ಹೋಗುತ್ತಿದ್ದರೆಂದು ಕಂಡವರೆಲ್ಲ ಬರೆದಿದ್ದಾರೆ. ಅವರ ಮಂಡಿ ಹೇಗಿತ್ತೆಂದು ಮಾತ್ರ ಯಾರೂ ಬರೆದಿಲ್ಲ. ನಮ್ಮ ವಿಮರ್ಶಕರು ಸಾಹಿತಿಯ ಹೃದಯ ನೋಡುತ್ತಾರೆ, ದೃಷ್ಟಿ ನೋಡುತ್ತಾರೆ. ತೊಂಬತ್ತರವರೆಗೆ ಅವೆರಡನ್ನೂ ಹೊತ್ತು ತಿರುಗಿದ ಕೀಲುಗಳಿಗೆ ಒಂದು ಅಡಿಟಿಪ್ಪಣಿಯೂ ಇಲ್ಲ.

ದೊಡ್ಡಮ್ಮನ ಮಂಡಿಗೆ ಅಡಿಟಿಪ್ಪಣಿಗಳು ಒಂದು ಕವರಿನ ತುಂಬ ಇವೆ. ಮುಳಬಾಗಿಲಿನ ಹತ್ತಿರದ ಹಳ್ಳಿಯವಳು. ಎಕ್ಸ್‌ರೇ ಫಿಲ್ಮನ್ನು ಯಾರು ಕೇಳಲಿ ಬಿಡಲಿ ಹೊರಗೆಳೆದು, ಟ್ಯೂಬ್‌ಲೈಟಿಗೆ ಹಿಡಿದು, "ಇಲ್ನೋಡು, ಇಲ್ಲಿ ಗ್ಯಾಪು ಬಂದಿದೆ" ಎಂದು ತೋರಿಸುತ್ತಾಳೆ. ಅವಳಿಗೆ ಇದನ್ನು ತೆಲುಗಿನಲ್ಲಿ ಹೇಳಿದರೇ ಸಮಾಧಾನ: "ಗುಜ್ಜು ಅರಿಗಿಪೋಯಿಂದಂಟ," ಅಂದರೆ ಒಳಗಿನ ಮೆತ್ತೆ ಸವೆದುಹೋಗಿದೆಯಂತೆ. ಡಾಕ್ಟರು ಚೀಟಿಯಲ್ಲಿ ಬರೆದದ್ದು ಗ್ರೇಡ್ 3. ಈ ಗ್ರೇಡಿಗೆ ಒಂದು ಕಥೆ ಇದೆ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ವೈದ್ಯರು ಇಂಗ್ಲೆಂಡಿನಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಕೀಲುಗಳ ಎಕ್ಸ್‌ರೇಗಳನ್ನು ರಾಶಿ ಹಾಕಿಕೊಂಡು ನೋಡಿದವರು. ಸವೆತವನ್ನು ಸೊನ್ನೆಯಿಂದ ನಾಲ್ಕರವರೆಗೆ ಅಳೆಯುವ ಅವರ ಕ್ರಮ 1957ರಲ್ಲಿ ಪ್ರಕಟವಾಯಿತು. ಇವತ್ತಿಗೂ ಅದೇ ನಡೆಯುತ್ತಿದೆ. ಗಣಿಯವರ ಕೀಲು ನೋಡಿದವರ ಅಳತೆ, ಚಿನ್ನದ ಗಣಿಯ ಜಿಲ್ಲೆಗೆ ಬಂದು ರಾಗಿ ಹೊಲದವಳ ಮಂಡಿಯ ಮೇಲೆ ಕೂತಿದೆ.

ಮಂಡಿ ಕೀಲಿನಲ್ಲಿ ಎರಡು ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಅದರಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ನರ ಇಲ್ಲದ್ದರಿಂದ ಸವೆಯುವಾಗ ಸದ್ದು ಮಾಡುವುದಿಲ್ಲ. ರಕ್ತ ಇಲ್ಲದ್ದರಿಂದ ಸವೆದದ್ದು ಸುಲಭವಾಗಿ ಮತ್ತೆ ಬೆಳೆಯುವುದೂ ಇಲ್ಲ. ನೋಯುವುದು ಅದರ ಕೆಳಗಿನ ಮೂಳೆ, ಸುತ್ತಲಿನ ಪೊರೆ, ಬಿಗಿದ ಸ್ನಾಯು. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣಿಸುವುದೂ ಇಲ್ಲ, ಅದಿದ್ದ ಜಾಗ ಕಾಣಿಸುತ್ತದೆ ಅಷ್ಟೆ. ಆದ್ದರಿಂದಲೇ ದೊಡ್ಡಮ್ಮ ತೋರಿಸುವ ಗ್ಯಾಪು ನಿಜಕ್ಕೂ ಇರಬೇಕಾದದ್ದು. ಅದು ಕಾಣದಂತಾದರೇ ತೊಂದರೆ. ಇದನ್ನು ಅವಳಿಗೆ ವಿವರಿಸುವ ಕೆಲಸ ಕೈಬಿಟ್ಟಿದ್ದೇನೆ. ಇನ್ನೂ ವಿಚಿತ್ರವೆಂದರೆ ಫಿಲ್ಮಿಗೂ ನೋವಿಗೂ ಹೊಂದಾಣಿಕೆ ಕಮ್ಮಿ. ಗ್ರೇಡ್ 4ರವರು ಸಂತೆಗೆ ನಡೆದು ಬರುತ್ತಾರೆ, ಗ್ರೇಡ್ 2ರವರು ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತಾರೆ.

ಕೋಲಾರದಲ್ಲಿ ಮಂಡಿನೋವು ಎಂದ ಕೂಡಲೆ ಸವೆತ ಎಂದು ಷರಾ ಬರೆಯುವ ಹಾಗೂ ಇಲ್ಲ. ಇಲ್ಲಿ ನೀರು ಬೇರೆ ಇದೆ. ಸಾವಿರ, ಸಾವಿರದೈನೂರು ಅಡಿ ಕೆಳಗಿನ ಗ್ರಾನೈಟಿನ ಸಂದಿಯಿಂದ ಬರುವ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬ ಮಿತಿಯನ್ನು ದಾಟಿದ ಬೋರ್‌ವೆಲ್ಲುಗಳು ಈ ತಾಲ್ಲೂಕುಗಳಲ್ಲಿ ಬೇಕಾದಷ್ಟಿವೆ. ಹಲ್ಲಿನ ಕಂದು ಕಲೆಯಲ್ಲಿ ಅದು ಮೊದಲು ಮುಖ ತೋರಿಸುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆಗೆ ಸೇರಿ, ಕಟ್ಟುಗಳನ್ನು ಗಡುಸು ಮಾಡಿ, ಬೆನ್ನು ಮಂಡಿಗಳನ್ನು ಬಿಗಿದು ನಿಲ್ಲಿಸುತ್ತದೆ. ಹೊರಗಿನಿಂದ ನೋಡಿದರೆ ಅದೂ ಸಂಧಿವಾತವೇ. ಒಳ್ಳೆಯ ವೈದ್ಯರು ಇಲ್ಲಿ "ಯಾವೂರು?" ಎಂದು ಕೇಳುವುದು ಕುಶಲಕ್ಕಲ್ಲ. ಈಗ ಊರೂರಿಗೂ ಶುದ್ಧ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬುತ್ತದೆ. ಮೂಳೆ ಉಳಿಸಲು ತಂದ ಆ ನೀರನ್ನು ಸೊಂಟದ ಮೇಲೆ ಹೊತ್ತು ಮನೆಗೆ ತರಬೇಕಾದದ್ದು ಮತ್ತೆ ಅದೇ ಮಂಡಿಯೇ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ, ಅಂತರ್ಜಲ ಏರಲಿ ಎಂದು. ಅದರ ಜಗಳ ಬೇರೆಯೇ ಇದೆ, ಬಸ್ಸಿನಲ್ಲಿ ಅದಕ್ಕೆ ಗಂಡಸರ ಸೀಟಿನ ಕಡೆ ಹೋಗಬೇಕು.

ನೋವಿಗೆ ಮದ್ದು ಹುಡುಕುವ ದಾರಿ ನಮ್ಮಲ್ಲಿ ಎಕ್ಕದ ಎಲೆಯಿಂದ ಹೊರಡುತ್ತದೆ. ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟುವುದು. ಲಕ್ಕಿ ಸೊಪ್ಪಿನ ಶಾಖ. ಮಾಲೂರಿನ ತೋಪುಗಳ ದಯದಿಂದ ನೀಲಗಿರಿ ಎಣ್ಣೆ. ಆಮೇಲೆ ಗಡಿ ದಾಟಿ ಪುತ್ತೂರು. ಚಿತ್ತೂರಿನ ಆಚೆಯ ಪುತ್ತೂರಿನ ಕಟ್ಟಿಗೆ ಈ ಸೀಮೆಯಲ್ಲಿ ಇರುವ ಹೆಸರು ದೊಡ್ಡದು. ಮುರಿದ ಮೂಳೆಗೆ ಕಟ್ಟುವ ಊರದು, ಸವೆದದ್ದಕ್ಕಲ್ಲ. ಆದರೆ ಇಷ್ಟು ದೂರ ಬಂದಿದ್ದೀವಿ, ಇದನ್ನೂ ನೋಡಿ ಎಂದು ಮಂಡಿ ಮುಂದಿಡುವವರನ್ನು ಯಾವ ಊರೂ ತಡೆಯಲಾರದು. ಅದೂ ಆದಮೇಲೆ ಕೋಲಾರದ ಊರೊಳಗಿನ ಎಸ್.ಎನ್.ಆರ್. ಆಸ್ಪತ್ರೆ, ಟಮಕದ ಜಾಲಪ್ಪ ಆಸ್ಪತ್ರೆ, ಕುಪ್ಪಂ, ಕಡೆಗೆ ವೆಲ್ಲೂರು. ಎಲ್ಲ ಕಡೆಯೂ ಹೇಳುವ ಮಾತು ಸುಮಾರಾಗಿ ಒಂದೇ: ತೂಕ ಇಳಿಸಿ, ಕೆಳಗೆ ಕೂರಬೇಡಿ, ವ್ಯಾಯಾಮ ಮಾಡಿ. ಕೇಳಿದವರ ಮುಖದಲ್ಲಿ ಮೋಸ ಹೋದ ಭಾವ. ಇಷ್ಟು ಹೇಳಿಸಿಕೊಳ್ಳಲು ವೆಲ್ಲೂರಿಗೆ ಬರಬೇಕಿತ್ತೆ?

ಈ ಅಸಮಾಧಾನದ ಜಾಗಕ್ಕೆ ಸರಿಯಾಗಿ ಬಂದ ಚಿಕಿತ್ಸೆ ಶಾಕ್‌ವೇವ್. ಊರ ಮಧ್ಯದ ಸರ್ಕಲ್ಲುಗಳಲ್ಲಿ ಫ್ಲೆಕ್ಸ್ ನೋಡಿರುತ್ತೀರಿ: ಕೆಂಪಗೆ ಉರಿಯುವ ಒಂದು ಮಂಡಿ, ಪಕ್ಕದಲ್ಲಿ ಬಿಳಿ ಕೋಟು, ಕೆಳಗೆ "ಆಪರೇಷನ್ ಇಲ್ಲದೆ." ಹೆಸರು ಕೇಳಿ ದೊಡ್ಡಮ್ಮ ಮೊದಲು ಕರೆಂಟು ಕೊಡುತ್ತಾರೆ ಎಂದುಕೊಂಡಳು. ಕೊಡುವುದು ಕರೆಂಟಲ್ಲ, ಗುದ್ದು.

ಈ ಗುದ್ದಿನ ವಂಶಾವಳಿ ವಿಮಾನದಿಂದ ಹೊರಡುತ್ತದೆ. ಜರ್ಮನಿಯ ಡೋರ್ನಿಯರ್ ವಿಮಾನ ಕಂಪನಿಯವರು ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಲೋಹದೊಳಗೆ ಏನಾಗುತ್ತದೆ ಎಂದು ನೋಡುತ್ತಿದ್ದರು. ಹನಿ ಬಡಿದಲ್ಲಿ ಹುಟ್ಟಿದ ಆಘಾತದ ಅಲೆ ಒಳಗೆ ಎಲ್ಲೋ ದೂರದಲ್ಲಿ ಹಾನಿ ಮಾಡುವುದು ಕಂಡಿತು. ಹಾಗಾದರೆ ಮೈಯ ಹೊರಗೆ ಅಲೆ ಎಬ್ಬಿಸಿ, ಒಳಗಿನ ಮೂತ್ರಪಿಂಡದ ಕಲ್ಲನ್ನು ಏಕೆ ಪುಡಿ ಮಾಡಬಾರದು? 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಮೊದಲ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಇಳಿಸಿ ಹಾಗೇ ಮಾಡಿದರು. ಕಲ್ಲು ಒಡೆಯುವಾಗ ಹತ್ತಿರದ ಮೂಳೆಯ ಮೇಲೂ ಅಲೆಯ ಪರಿಣಾಮ ಕಂಡಿತು. ಅಲ್ಲಿಂದ ಕೂಡದ ಮೂಳೆ, ಹಿಮ್ಮಡಿ, ಹೆಗಲು ಎಂದು ಅದು ದಾರಿ ಮಾಡಿಕೊಂಡಿತು. 2000ದಲ್ಲಿ ಅಮೆರಿಕ ಹಿಮ್ಮಡಿ ನೋವಿಗೆ ಒಪ್ಪಿಗೆ ಕೊಟ್ಟಿತು. ಮಂಡಿಯ ಸರದಿ ತಡವಾಗಿ ಬಂತು.

ಆಘಾತದ ಅಲೆಯ ವಿಷಯದಲ್ಲಿ ಕೋಲಾರ ಜಿಲ್ಲೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಷ್ಟು ಕೆಳಗೆ ಬಂಡೆಯ ಮೇಲಿನ ಒತ್ತಡ ತಡೆಯಲಾರದೆ ಸಿಡಿದಾಗ ಮೇಲಿನ ಲೈನ್ ಮನೆಗಳಲ್ಲಿ ಪಾತ್ರೆಗಳು ಗಡಗಡ ಎನ್ನುತ್ತಿದ್ದವು. ಸದ್ದು ಕೇಳಿದ ಕೂಡಲೆ ಒಳಗೆ ಶಿಫ್ಟಿನಲ್ಲಿ ಇರುವವರ ಮನೆಯವರು ಗಣಿಯ ಬಾಯಿಗೆ ಓಡುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನನ್ನ ಪರಿಚಯದ ಹಿರಿಯ ಗಣಿ ಕಾರ್ಮಿಕರೊಬ್ಬರಿಗೆ ಶಾಕ್‌ವೇವ್ ಮಾಡಿಸಿಕೊಳ್ಳಿ ಎಂದು ಮಗ ಹೇಳಿದಾಗ ಅವರು ಕೇಳಿದ್ದು ಇಷ್ಟೇ: "ಅದರಿಂದ ತಪ್ಪಿಸ್ಕೊಂಡು ಮೂವತ್ತು ವರ್ಷ ಬದುಕಿದ್ದೀನಿ. ಈಗ ದುಡ್ಡು ಕೊಟ್ಟು ಹಾಕಿಸ್ಕೊಳ್ಳಾ?"

ನಮ್ಮ ಕಡೆಯ ಫಿಸಿಯೋಥೆರಪಿ ಕೋಣೆಗಳಲ್ಲಿ ನಾನು ಕಂಡದ್ದು ರೇಡಿಯಲ್ ಎಂಬ ಬಗೆಯ ಯಂತ್ರ. ಬೋರ್‌ವೆಲ್ ಲಾರಿಯ ಹಿಂದೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತವರಿಗೆ ಇದರ ತತ್ತ್ವ ತಕ್ಷಣ ಅರ್ಥವಾಗುತ್ತದೆ. ಅಲ್ಲಿಯಂತೆ ಇಲ್ಲೂ ಒಂದು ಕಂಪ್ರೆಸರ್. ಅದರ ಗಾಳಿ ಒಂದು ಕೊಳವೆಯೊಳಗಿನ ಲೋಹದ ಗುಂಡನ್ನು ದಬ್ಬಿ ತುದಿಗೆ ಬಡಿಸುತ್ತದೆ. ತುದಿಯಿಂದ ಒತ್ತಡದ ಅಲೆ ಚರ್ಮದೊಳಕ್ಕೆ ಹರಡುತ್ತದೆ, ಆಳಕ್ಕೆ ಹೋದಂತೆ ಸೊರಗುತ್ತದೆ. ಇದನ್ನು ಶಾಕ್‌ವೇವ್ ಎನ್ನುವುದೇ ತಪ್ಪು, ಬರೀ ಒತ್ತಡದ ಅಲೆ ಎನ್ನಿ ಎಂದು ಭೌತಶಾಸ್ತ್ರದವರ ತಕರಾರಿದೆ. ಅವರು ಒಪ್ಪುವುದು ಫೋಕಸ್ಡ್ ಬಗೆಯನ್ನು. ಅದು ನಿಜವಾದ ಆಘಾತದ ಅಲೆಯನ್ನೇ ಎಬ್ಬಿಸಿ ಒಳಗೆ ಒಂದು ಬಿಂದುವಿನಲ್ಲಿ ಕೂಡಿಸುತ್ತದೆ, ಯಂತ್ರಕ್ಕೂ ಬೆಲೆ ಹೆಚ್ಚು.

ದೊಡ್ಡಮ್ಮನ ಜೊತೆ ನಾನೂ ಹೋಗಿದ್ದೆ. ಫಿಸಿಯೋ ಹುಡುಗ ಮೊದಲು ಕೇಳಿದ: "ಅಮ್ಮಾ, ಹತ್ತಕ್ಕೆ ಎಷ್ಟು ನೋವು?" ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯುವುದು ಲೋಕದ ಆಸ್ಪತ್ರೆಗಳಲ್ಲೆಲ್ಲ ಇರುವ ಪದ್ಧತಿ. ಆದರೆ ದೊಡ್ಡಮ್ಮ ಕೋಲಾರದ ಎ.ಪಿ.ಎಂ.ಸಿ.ಗೆ ಟೊಮೆಟೊ ಹಾಕುವವಳು. 15 ಕೆ.ಜಿ. ಬಾಕ್ಸಿನ ಹರಾಜಿನಲ್ಲಿ ಮೊದಲು ನಿಜವಾದ ರೇಟು ಹೇಳಿದವರು ಉದ್ಧಾರವಾದದ್ದನ್ನು ಅವಳು ಕಂಡಿಲ್ಲ. "ಬೆಳಿಗ್ಗೆಯದು ಹೇಳ್ಲಾ ಸಾಯಂಕಾಲದ್ದು ಹೇಳ್ಲಾ?" ಎಂದಳು. ಅವನು, ಸುಮಾರಾಗಿ ಹೇಳಿ ಎಂದ. "ಹದಿನೈದು." ಹತ್ತರ ಒಳಗೆ ಹೇಳಬೇಕು ಎಂದ. "ಹಾಗಾದ್ರೆ ನೀನೇ ಒಂದು ಹೇಳು, ಆಮೇಲೆ ನೋಡೋಣ." ಎಂಟಕ್ಕೆ ಇತ್ಯರ್ಥವಾಯಿತು.

ಅವನು ಮಂಡಿಯ ಒಳಮಗ್ಗುಲಲ್ಲಿ ಬೆರಳಿಟ್ಟು ಒತ್ತುತ್ತಾ ಹೋದ. ಇಲ್ಲಾ? ಇಲ್ಲಾ? "ಅಲ್ಲೇ ಕಣಪ್ಪಾ, ಅಯ್ಯೋ ದೇವುಡಾ!" ಪೆನ್ನಿನಲ್ಲಿ ಗುರುತು ಹಾಕಿದ. ತಣ್ಣನೆಯ ಜೆಲ್ ಬಳಿದು ಯಂತ್ರದ ಹಿಡಿಯನ್ನು ಊರಿದ. ಟಕಟಕಟಕ ಎಂದು ಶುರುವಾಯಿತು, ಸೆಕೆಂಡಿಗೆ ಹತ್ತು. ಮೊದಲ ನೂರರಲ್ಲಿ ದೊಡ್ಡಮ್ಮ ಮಂಚದ ಅಂಚು ಹಿಡಿದು ಮನೆದೇವರನ್ನು ಕರೆದಳು. ಅಷ್ಟರಲ್ಲಿ ಅವಳ ಕಣ್ಣು ಪರದೆಯ ಮೇಲೆ ಏರುತ್ತಿದ್ದ ಎಣಿಕೆಗೆ ಬಿತ್ತು. ಅಲ್ಲಿಂದ ಮುಂದೆ ನೋವೆಲ್ಲ ಲೆಕ್ಕಕ್ಕೆ ತಿರುಗಿತು. 2000ಕ್ಕೆ ನಿಂತಾಗ ಮೂರೂವರೆ ನಿಮಿಷವೂ ಆಗಿರಲಿಲ್ಲ. "ಇಷ್ಟೇನಾ?" ಎಂದಳು. ಹುಡುಗ ಬುದ್ಧಿವಂತ, ನಿಮಿಷದ ಲೆಕ್ಕ ಹಾಕಬೇಡಿ ಅಮ್ಮಾ, ಏಟಿನ ಲೆಕ್ಕ ಹಾಕಿ ಎಂದ. ಅವಳು ಮೆಟ್ಟಿಲಿಳಿಯುವವರೆಗೂ ಹಾಕಿದಳು. ಒಂದು ಗುದ್ದಿಗೆ ಇಷ್ಟು ಪೈಸೆ ಎಂದು ಬಂದಮೇಲೆ ಅಗ್ಗವೆನಿಸಿತು. ಬಲ ಮಂಡಿಗೆ ಬೇರೆ ದುಡ್ಡು ಎಂದಾಗ ಮಾತ್ರ ಮುಖ ಬಿಗಿದುಕೊಂಡಿತು. ಜೋಡಿಗೆ ಒಂದು ರೇಟು ಇರಬೇಡವೆ?

ವಾರಕ್ಕೊಂದರಂತೆ ನಾಲ್ಕೈದು ಸಲ. ಕೆಂಪಾಗಬಹುದು, ಒಂದೆರಡು ದಿನ ನೋವು ಕೆರಳಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು, ಗೆಡ್ಡೆ ಇರುವವರು, ಕೀಲಿನಲ್ಲಿ ಸೋಂಕಿರುವವರು ಹತ್ತಿರ ಹೋಗಬಾರದು. ಇದರಿಂದ ಗುಣ ಇದೆಯೇ? ಇದೆ, ಒಂದಿಷ್ಟು. 2013ರಲ್ಲಿ ಚೀನಾದ ವೈದ್ಯರು ಪ್ರಕಟಿಸಿದ ಪ್ರಯೋಗದಲ್ಲಿ 70 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ನಿಜವಾದ ಅಲೆ, ಇನ್ನೊಂದಕ್ಕೆ ಹುಸಿ ಅಲೆ ಕೊಟ್ಟು 12 ವಾರ ನೋಡಿದರು. ನಿಜದವರ ನೋವು ಹೆಚ್ಚು ಇಳಿಯಿತು, ಓಡಾಟ ಸುಧಾರಿಸಿತು. ಆಮೇಲೂ ಇಂಥವು ಬಂದಿವೆ. ಹೆಚ್ಚಿನವು ಸಣ್ಣವು, ಕೆಲವೇ ತಿಂಗಳು ನೋಡಿದವು. ಅಮೆರಿಕದ ಮೂಳೆವೈದ್ಯರ ಅಕಾಡೆಮಿ 2021ರ ಮಾರ್ಗಸೂಚಿಯಲ್ಲಿ "ಬಳಸಬಹುದು" ಎಂದು ಹೇಳಿ, ಆ ಮಾತಿನ ಬಲ ಸೀಮಿತ ಎಂದು ಪಕ್ಕದಲ್ಲೇ ಬರೆದುಕೊಂಡಿದೆ. ತೈವಾನಿನಲ್ಲಿ ಇಲಿಗಳ ಮಂಡಿಗೆ ಕೊಟ್ಟು ನೋಡಿದವರಿಗೆ ಮೃದ್ವಸ್ಥಿಯೂ ಚೇತರಿಸಿದ್ದು ಕಂಡಿತು. ಇಲಿಗಳು ಟೊಮೆಟೊ ಬಿಡಿಸುವುದಿಲ್ಲ, ಫ್ಲೋರೈಡ್ ನೀರು ಕುಡಿದು ಅರವತ್ತು ವರ್ಷ ಬದುಕುವುದಿಲ್ಲ. ಮನುಷ್ಯರಲ್ಲಿ ಸವೆದದ್ದನ್ನು ಮತ್ತೆ ಬೆಳೆಸುತ್ತೇವೆ ಎನ್ನುವ ಫ್ಲೆಕ್ಸನ್ನು ನಾನಂತೂ ನಂಬುವುದಿಲ್ಲ. ನೋವಿನ ಗದ್ದಲ ಕೆಲವು ತಿಂಗಳು ಇಳಿಯುತ್ತದೆ ಎಂದು ಬರೆದರೆ ನಂಬುತ್ತೇನೆ, ಆದರೆ ಹಾಗೆ ಬರೆದ ಫ್ಲೆಕ್ಸ್ ಯಾರೂ ಕಟ್ಟುವುದಿಲ್ಲ.

ಗದ್ದಲ ಇಳಿದ ಆ ತಿಂಗಳುಗಳಲ್ಲಿ ಏನು ಮಾಡುತ್ತೀರಿ ಎಂಬುದೇ ಇದರ ಪೂರ್ತಿ ಮರ್ಮ ಎಂದು ನನಗನ್ನಿಸುತ್ತದೆ. ದೇಹದ ತೂಕ 1 ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ 4 ಕೆ.ಜಿ. ಇಳಿಯುತ್ತದೆ ಎಂದು ಅಳೆದು ನೋಡಿದ್ದಾರೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ಕೀಲಿನ ಹೊರೆಯನ್ನು ಅದು ಹೊರುತ್ತದೆ. ಅದಕ್ಕೆ ಬೇಕಾದದ್ದು ಒಂದು ಟವೆಲ್: ಸುರುಳಿ ಸುತ್ತಿ ಮಂಡಿಯ ಕೆಳಗಿಟ್ಟು, ಕೆಳಕ್ಕೆ ಒತ್ತಿ, ಐದು ಎಣಿಸಿ ಬಿಡುವುದು. ಇದಕ್ಕೆ ಇರುವಷ್ಟು ಪುರಾವೆ ಆ ಯಂತ್ರಕ್ಕೆ ಇಲ್ಲ. ಆದರೆ ಟವೆಲಿಗೆ ಪರದೆ ಇಲ್ಲ, ಸದ್ದಿಲ್ಲ, ರಸೀತಿ ಇಲ್ಲ. ದುಡ್ಡು ಕೊಟ್ಟ ಗುದ್ದಿಗೆ ಮರ್ಯಾದೆ ಕೊಟ್ಟು ವಾರವಾರ ಬಸ್ಸು ಹತ್ತಿ ಬರುವವರು, ಆ ನೆಪದಲ್ಲಿ ಹುಡುಗನ ಕಣ್ಣೆದುರು ಟವೆಲನ್ನೂ ಒತ್ತುತ್ತಾರೆ. ಯಂತ್ರದ ಬಗ್ಗೆ ನನಗಿರುವ ಗೌರವದ ಅರ್ಧ ಪಾಲು ಈ ಕಾರಣಕ್ಕೆ.

ದೊಡ್ಡಮ್ಮನಿಗೆ ನಾಲ್ಕು ಸಲ ಆಗಿತ್ತು, ಐದನೆಯದು ಬಾಕಿ. ಅಷ್ಟರಲ್ಲಿ ಶ್ರೀನಿವಾಸಪುರದಲ್ಲಿ ಮಾವು ಇಳಿಯಿತು. ಮಗಳ ತೋಟ ಅಲ್ಲಿ. ಬಾದಾಮಿ, ರಸಪುರಿ, ಬೇನಿಷಾ ಮುಗಿದು ತೋತಾಪುರಿ ನಡೆಯುತ್ತಿದ್ದಾಗ ನಾನು ಹೋದೆ. ಮರದ ಕೆಳಗೆ ಕಾಯಿಯ ರಾಶಿ. ಸುತ್ತ ಕೂತು ಆರಿಸುವ ಹೆಂಗಸರೆಲ್ಲ ಕುಕ್ಕುರುಗಾಲಲ್ಲಿ, ದೊಡ್ಡಮ್ಮ ಒಬ್ಬಳೇ ಟೊಮೆಟೊ ಕ್ರೇಟನ್ನು ಕವುಚಿ ಹಾಕಿಕೊಂಡು ಎತ್ತರದಲ್ಲಿ. ಕೆಳಗೆ ಕೂರಬೇಡಿ ಎಂದ ವೆಲ್ಲೂರಿನ ಮಾತು ಅಂತೂ ಈ ರೂಪದಲ್ಲಿ ಜಾರಿಗೆ ಬಂದಿತ್ತು. ಪಕ್ಕದ ಇಬ್ಬರು ತಮಗೂ ಕ್ರೇಟು ಬೇಕೆಂದು ಆಗಲೇ ಗೊಣಗುತ್ತಿದ್ದರು. ಫಿಸಿಯೋ ಹುಡುಗನ ಫೋನು ಬಂತು, ಈ ವಾರ ತಪ್ಪಿಸಬೇಡಿ ಅಮ್ಮಾ ಎಂದ. "ಲಾರಿ ನಿಂತಿದೆ ಕಣಪ್ಪಾ, ಲೋಡಾಗ್ಲಿ." ಹೋಗಲಿ, ಈಗ ಹತ್ತಕ್ಕೆ ಎಷ್ಟಿದೆ ಎಂದ. ಅವಳು ಫೋನನ್ನು ಕೈಯಲ್ಲಿ ಮುಚ್ಚಿ ನನ್ನನ್ನು ಕೇಳಿದಳು: "ಕಮ್ಮಿ ಹೇಳಿದ್ರೆ ದುಡ್ಡು ಕಮ್ಮಿ ಮಾಡ್ತಾನಾ?" ಇಲ್ಲ ಎಂದೆ. "ಹಾಗಾದ್ರೆ ನಾಲ್ಕು ಅಂತ ಬರ್ಕೋ," ಎಂದು ಅವನಿಗೆ ಹೇಳಿ, ಕೊಳೆತ ಕಾಯಿಯೊಂದನ್ನು ರಾಶಿಯಿಂದ ಎತ್ತಿ ಆಚೆಗೆಸೆದಳು.